ದಾದರ್ ಸೇತುವೆಯ ಜನಸಂದಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಬಗೆ

ಮುಂಬೈನ ದಾದರ್ ರೈಲು ನಿಲ್ದಾಣದಲ್ಲಿ ಬಾಂಬಿನ ವದಂತಿ ಹಬ್ಬಿದರೆ ಪಾದಚಾರಿ ಸೇತುವೆಯ ಮೇಲಿನ ಜನ ಹೇಗೆ ಚಲಿಸುತ್ತಾರೆ ಎಂಬುದನ್ನು, ಯಾರನ್ನೂ ಅಪಾಯಕ್ಕೆ ಒಡ್ಡದೆ, ಹಲವರ ನಡೆಯನ್ನು ಒಟ್ಟಿಗೆ ಅನುಕರಿಸುವ, ಉಚಿತವಾಗಿ ಸಿಗುವ ನೆಟ್‌ಲೋಗೋ ತಂತ್ರಾಂಶದಲ್ಲಿ ಪರೀಕ್ಷಿಸಬಹುದು. ಮೊದಲು ಪ್ರಶ್ನೆಯನ್ನು ಕಿರಿದಾಗಿಸಿಕೊಳ್ಳಿ: ಒಂದು ಕಡೆಯ ಮೆಟ್ಟಿಲು ಮುಚ್ಚಿದರೆ ಸೇತುವೆ ಖಾಲಿಯಾಗಲು ಎಷ್ಟು ಹೊತ್ತು ಬೇಕು?

ಬಳಿಕ ಸೇತುವೆಯ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಪ್ರಯಾಣಿಕನನ್ನೂ ಒಬ್ಬ ಏಜೆಂಟ್ (ಕೊಟ್ಟ ನಿಯಮಗಳಂತೆ ತಾನೇ ನಡೆದುಕೊಳ್ಳುವ ಪಾತ್ರ) ಎಂದು ಬಗೆದು, ಅವನಿಗೆ ನಡಿಗೆಯ ವೇಗ, ಕಣ್ಣಿಗೆಟುಕುವ ದೂರ, ಭಯದ ಮಿತಿ ಇವುಗಳನ್ನು ಕೊಡಿ. ನಿಯಮಗಳು ಸರಳವಾಗಿರಲಿ: ಮುಂದಿನ ಚೌಕ ಖಾಲಿಯಿದ್ದರೆ ಹೆಜ್ಜೆಯಿಡು, ಸುತ್ತಲಿನವರಲ್ಲಿ ಬಹುಮಂದಿ ಓಡುತ್ತಿದ್ದರೆ ನೀನೂ ಓಡು. ಅಮೆರಿಕದ ಸಂಶೋಧಕ ಜೋಶುವಾ ಎಪ್‌ಸ್ಟೈನ್ 2002ರಲ್ಲಿ ಪ್ರಕಟಿಸಿದ ನಾಗರಿಕ ದಂಗೆಯ ಮಾದರಿಯೂ ಇಷ್ಟೇ ಸರಳ. ವ್ಯಕ್ತಿಯ ಅಸಮಾಧಾನದಿಂದ ಬಂಧನದ ಅಪಾಯವನ್ನು ಕಳೆದಾಗ ಉಳಿಯುವುದು ಒಂದು ಮಿತಿಯನ್ನು ಮೀರಿದರೆ ಅವನು ದಂಗೆಯೇಳುತ್ತಾನೆ, ಅಷ್ಟರಿಂದಲೇ ದೀರ್ಘ ಶಾಂತಿಯ ನಡುವೆ ಹಠಾತ್ ಸ್ಫೋಟಗಳು ಮೂಡುತ್ತವೆ.

ಒಂದೇ ಬಾರಿಯ ಫಲಿತಾಂಶವನ್ನು ನಂಬಬೇಡಿ. ನೂರು ಬಾರಿಯಾದರೂ ನಡೆಸಿ, ಸರಾಸರಿಗಿಂತ ಮುಖ್ಯವಾಗಿ ಅತಿ ಕೆಟ್ಟ ಹತ್ತನ್ನು ಗಮನಿಸಿ. 2017ರ ಸೆಪ್ಟೆಂಬರ್ 29ರಂದು ಮುಂಬೈನದೇ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಕಾಲ್ತುಳಿತದಲ್ಲಿ 23 ಜನ ಸತ್ತದ್ದು ಸರಾಸರಿ ದಿನದಲ್ಲಲ್ಲ. ವೇಗದ ಅಂಕಿಗಳನ್ನು ಊಹಿಸುವ ಬದಲು, ಪಕ್ಕದ ಮಾಟುಂಗದಲ್ಲಿ ಇಡ್ಲಿ ಮುಗಿಸಿಯಾದರೂ ಸರಿ, ಸೇತುವೆಯ ಅಂಚಿನಲ್ಲಿ ನಿಂತು ಗಡಿಯಾರ ನೋಡಿ ಅಳೆಯಿರಿ: ಎದುರಿನಿಂದ ಹೂವಿನ ಮೂಟೆ ಹೊತ್ತವನೊಬ್ಬ ಬಂದಾಗ ಸಾಲು ಹೇಗೆ ಸೀಳುತ್ತದೆ ಎಂಬುದು ಯಾವ ಕೋಷ್ಟಕದಲ್ಲೂ ಸಿಗುವುದಿಲ್ಲ.