ವಿಕಿಪೀಡಿಯದಲ್ಲಿ ಯಾವ ಮಾತನ್ನು ಎಲ್ಲಿ ಎತ್ತಬೇಕು?

ಕನ್ನಡ ಅಥವಾ ತುಳು ವಿಕಿಪೀಡಿಯಕ್ಕೆ ಬರೆಯತೊಡಗಿದ ಮಂಗಳೂರು, ಉಡುಪಿಯ ಹೊಸಬರನ್ನು ಲೇಖನಕ್ಕಿಂತ ಹೆಚ್ಚು ಗೊಂದಲಗೊಳಿಸುವುದು ಚರ್ಚೆ. ಲೇಖನದ ಚರ್ಚಾಪುಟ, ಅರಳಿಕಟ್ಟೆ (ಸಮುದಾಯದ ಸಾಮಾನ್ಯ ಚರ್ಚೆಯ ಪುಟ), ಕಾಮನ್ಸ್ (ಚಿತ್ರ ಮುಂತಾದ ಕಡತಗಳ ಭಂಡಾರ), ಮೆಟಾ (ಎಲ್ಲ ವಿಕಿಗಳಿಗೂ ಸಂಬಂಧಿಸಿದ ವಿಷಯಗಳ ತಾಣ), ಇವು ಸಾಲದೆಂಬಂತೆ ವಾಟ್ಸ್‌ಆ್ಯಪ್ ಗುಂಪು: ಒಂದೇ ವಿಷಯದ ಮಾತು ಇಷ್ಟು ಕಡೆ ಹಂಚಿಹೋಗಿರುತ್ತದೆ. ತೀರ್ಮಾನಿಸುವ ಅಧಿಕಾರ ಎಲ್ಲಿದೆಯೋ ಚರ್ಚೆಯೂ ಅಲ್ಲಿಗೇ ಹೋಗುವುದರಿಂದ, ಬರೆಯುವ ಮುನ್ನ ‘ಇದನ್ನು ಬದಲಿಸಬಲ್ಲವರು ಯಾರು’ ಎಂದು ವಿಚಾರಿಸಿಕೊಳ್ಳಬೇಕು.

ಇಸವಿಯೋ ಉಲ್ಲೇಖವೋ ತಪ್ಪಿದ್ದರೆ ಲೇಖನದ ಚರ್ಚಾಪುಟ ಸಾಕು. ಕನ್ನಡ ವಿಕಿಪೀಡಿಯದ ಒಟ್ಟಾರೆ ನಿಯಮಗಳಿಗೆ ಅರಳಿಕಟ್ಟೆಯಿದೆ. ತಂತ್ರಾಂಶದ ದೋಷಗಳು ಅವುಗಳ ವರದಿಗೆಂದೇ ಇರುವ ಫ್ಯಾಬ್ರಿಕೇಟರ್ ತಾಣಕ್ಕೆ ಹೋಗುತ್ತವೆ. 2016ರಲ್ಲಿ ಸ್ವತಂತ್ರ ತಾಣವಾದ ತುಳು ವಿಕಿಪೀಡಿಯ ಅದಕ್ಕೆ ಮುಂಚೆ ಹೊಸ ಭಾಷೆಗಳ ವಿಕಿಗಳನ್ನು ಪ್ರಯೋಗಕ್ಕಿಡುವ ಇನ್‌ಕ್ಯುಬೇಟರಿನಲ್ಲಿ ಬೆಳೆಯಿತು. ಹೊಸ ಭಾಷೆಗೆ ಒಪ್ಪಿಗೆ ಕೋರುವ ಮನವಿಗಳನ್ನು ಮೆಟಾದಲ್ಲಿ ಸಲ್ಲಿಸಬೇಕು, ಗುಂಡಿ ಮತ್ತು ಮೆನುಗಳ ಅನುವಾದಕ್ಕೆ ಟ್ರಾನ್ಸ್‌ಲೇಟ್‌ವಿಕಿ ಎಂಬ ಮತ್ತೊಂದು ತಾಣವೇ ಇದೆ.

ನಿಜವಾದ ಪೇಚಾಟ ಚಿತ್ರಗಳದು. ಕಾಮನ್ಸ್‌ನ ಒಂದು ಕಡತವನ್ನು ಎಲ್ಲ ಭಾಷೆಗಳ ವಿಕಿಗಳೂ ಬಳಸಬಹುದಾದ್ದರಿಂದ ಅಲ್ಲಿ ಮುಕ್ತ ಪರವಾನಗಿಯ ಅಥವಾ ಹಕ್ಕುಸ್ವಾಮ್ಯವಿಲ್ಲದ ಕಡತಗಳಿಗೆ ಮಾತ್ರ ಜಾಗವಿದೆ. ಬಯಲಾಟದಲ್ಲಿ ಒಬ್ಬರು ತೆಗೆದ ಫೋಟೋವನ್ನು ಇನ್ನೊಬ್ಬರು ಏರಿಸಿದರೆ, ‘ಅನುಮತಿ ಇಲ್ಲ’ ಎಂಬ ಸೂಚನೆ ಏರಿಸಿದವರ ಕಾಮನ್ಸ್ ಚರ್ಚಾಪುಟಕ್ಕೆ ಬರುತ್ತದೆ. ಗಡುವು ಸಾಮಾನ್ಯವಾಗಿ 7 ದಿನ. ‘ಕಲಾವಿದರೇ ಕೊಟ್ಟದ್ದು’ ಎಂದು ಕನ್ನಡ ಲೇಖನದ ಚರ್ಚಾಪುಟದಲ್ಲಿ ಎಷ್ಟು ವಾದಿಸಿದರೂ ಅದು ಕಾಮನ್ಸ್ ನಿರ್ವಾಹಕರ ಕಣ್ಣಿಗೆ ಬೀಳುವುದಿಲ್ಲ, ಗಡುವು ಮುಗಿದು ಚಿತ್ರ ಅಳಿದ ಮೇಲೆ ಬಾಟ್ (ತಾನಾಗಿಯೇ ಕೆಲಸ ಮಾಡುವ ತಂತ್ರಾಂಶ) ಬಂದು ಲೇಖನದಿಂದ ಅದರ ಕೊಂಡಿಯನ್ನೂ ಕಿತ್ತುಹಾಕುತ್ತದೆ. ಅನುಮತಿ ಪತ್ರಗಳನ್ನು ಪರಿಶೀಲಿಸುವ ವಿಕಿಮೀಡಿಯ ತಂಡಕ್ಕೆ ಅನುಮತಿಯ ಇಮೇಲನ್ನು ಸಾಮಾನ್ಯವಾಗಿ ಫೋಟೋ ತೆಗೆದವರೇ ಕಳಿಸಬೇಕು (ಹಕ್ಕು ಕ್ಯಾಮೆರಾ ಹಿಡಿದವರದು, ವೇಷ ಕಟ್ಟಿದವರದಲ್ಲ). ಆ ಪತ್ರಗಳನ್ನು ಗೋಪ್ಯತೆಗೆ ಬದ್ಧರಾದ ಸ್ವಯಂಸೇವಕರು ಮಾತ್ರ ಓದುವುದರಿಂದ, ಚರ್ಚೆಯ ಈ ಎಳೆ ಯಾವ ಪುಟದಲ್ಲೂ ಕಾಣಸಿಗದು.

ಚದುರಿದ್ದನ್ನು ಪೂರ್ತಿ ಒಂದೆಡೆ ತರಲು ಹೊರಡುವುದು ವ್ಯರ್ಥ. ನಿರ್ಧಾರವಾಗುವ ಪುಟದಲ್ಲಿ ವಾದವನ್ನು ಪೂರ್ಣವಾಗಿ ಮಂಡಿಸಿ, ಉಳಿದೆಡೆ ಕನ್ನಡದಲ್ಲಿ ಎರಡು ಸಾಲಿನ ಸಾರಾಂಶವನ್ನೂ ಕೊಂಡಿಯನ್ನೂ ಇಟ್ಟು ಸಹಿ ಹಾಕಿದರೆ ಸಾಕು. ಮೆಟಾ, ಕಾಮನ್ಸ್‌ಗಳಲ್ಲಿ ಇಂಗ್ಲಿಷಿನದೇ ಮೇಲುಗೈಯಾದ್ದರಿಂದ ಈ ಎರಡು ಸಾಲು ಇಂಗ್ಲಿಷಿಗೆ ಹಿಂಜರಿಯುವವರಿಗೆ ದೊಡ್ಡ ಉಪಕಾರ. ವೀಕ್ಷಣಾಪಟ್ಟಿ (ನಾವು ಗಮನಿಸುತ್ತಿರುವ ಪುಟಗಳ ಪಟ್ಟಿ) ಪ್ರತಿ ತಾಣಕ್ಕೂ ಬೇರೆಯಾಗಿರುವುದರಿಂದ, ಪ್ರಾಶಸ್ತ್ಯಗಳಲ್ಲಿ ಇತರ ವಿಕಿಗಳ ಸೂಚನೆಗಳನ್ನೂ ಇಮೇಲನ್ನೂ ಚಾಲೂ ಮಾಡಿಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಆದ ಒಪ್ಪಿಗೆಗೆ ವಿಕಿಯಲ್ಲಿ ದಾಖಲೆಯ ಬೆಲೆಯಿಲ್ಲ. ಅದನ್ನು ಅರಳಿಕಟ್ಟೆಯಲ್ಲಿ ಪ್ರಸ್ತಾವವಾಗಿ ಮತ್ತೆ ಬರೆದು, ಗುಂಪಿನಲ್ಲಿಲ್ಲದವರು ಆಕ್ಷೇಪಿಸಲು ಸಮಯ ಕೊಡುವುದೇ ಕ್ರಮ. ಹಳೆಯ ಚರ್ಚೆಗಳು ಆರ್ಕೈವಿಗೆ ಸರಿಯುತ್ತವೆ, ಆದ್ದರಿಂದ ಎಲ್ಲೆಡೆ ಶಾಶ್ವತ ಕೊಂಡಿಯನ್ನೇ (ಪುಟದ ಆಗಿನ ಆವೃತ್ತಿಗೇ ಒಯ್ಯುವ ಕೊಂಡಿ) ಕೊಡಿ.