‘ಶೂ-ಇನ್’ ಬಳಸುವುದು ಹೇಗೆ? ಬುತ್ತಿ ಕಟ್ಟಬೇಕಾದ್ದು ಗೆಲುವಿಗಲ್ಲ, ಗೆಲ್ಲುವವನಿಗೆ

‘ಅವನ ಗೆಲುವು ಕಟ್ಟಿಟ್ಟ ಬುತ್ತಿ’ ಎನ್ನಲು ಇಂಗ್ಲಿಷಿನಲ್ಲಿ ‘ಹೀ ಈಸ್ ಎ ಶೂ-ಇನ್’ ಅಂದರೆ ಸಾಕು. ಕನ್ನಡಿಗರು ಎಡವುವುದು ಇಲ್ಲೇ. ನಮ್ಮಲ್ಲಿ ಬುತ್ತಿಯಾಗುವುದು ಗೆಲುವು. ಅಲ್ಲಿ ಶೂ-ಇನ್ ಆಗುವುದು ಗೆಲ್ಲುವ ಆಳು, ತಂಡ, ಇಲ್ಲವೇ ಸಿನಿಮಾ. ‘ಹಿಸ್ ವಿಕ್ಟರಿ ಈಸ್ ಎ ಶೂ-ಇನ್’ ಅಂದರೆ ಕಿವಿಗೆ ಒರಟು. ಇನ್ನೊಂದು: ಕನ್ನಡದಲ್ಲಿ ಸೋಲೂ ಕಟ್ಟಿಟ್ಟ ಬುತ್ತಿಯೇ. ಶೂ-ಇನ್ ಮಾತ್ರ ಸೋಲಿಗೆ ಸಲ್ಲದು.

ಕಾಗುಣಿತ: ಎಸ್, ಎಚ್, ಓ, ಓ, ನಡುವೆ ಅಡ್ಡಗೆರೆ, ಆಮೇಲೆ ಐ, ಎನ್. ಎರಡನೇ ಓ ಜಾಗದಲ್ಲಿ ಇ ಬರೆದರೆ ಕಾಲಿಗೆ ಹಾಕುವ ಶೂ ಆಗುತ್ತದೆ. ಇಂಗ್ಲಿಷರೇ ಧಾರಾಳವಾಗಿ ಮಾಡುವ ತಪ್ಪಿದು. ಕೋಳಿಯನ್ನು ನಾವು ‘ಹುಶ್’ ಎಂದು ಅಟ್ಟುತ್ತೇವಲ್ಲ, ಅವರ ‘ಶೂ’ ಅದೇ. ಇಪ್ಪತ್ತನೇ ಶತಮಾನದ ಆರಂಭದ ಅಮೆರಿಕದ ಕುದುರೆ ಜೂಜಿನಲ್ಲಿ ಜಾಕಿಗಳು ಒಳಗೊಳಗೇ ಮಾತಾಡಿಕೊಂಡು, ತಮ್ಮ ಕುದುರೆಗಳ ಲಗಾಮು ಬಿಗಿಹಿಡಿದು, ಗೊತ್ತುಮಾಡಿದ ಒಂದನ್ನು ಮುಂದೆ ಬಿಡುತ್ತಿದ್ದರು. ಕೋಳಿಯನ್ನು ಗೂಡಿಗೆ ಹುಶ್ ಅಂದ ಹಾಗೆ ಆ ಕುದುರೆಯನ್ನು ಗೆರೆ ದಾಟಿಸುವುದು. ಈಗ ಆ ಮೋಸದ ವಾಸನೆ ಉಳಿದಿಲ್ಲ. ಯಾರನ್ನಾದರೂ ಶೂ-ಇನ್ ಎಂದರೆ ಆರೋಪವಲ್ಲ.

ವಾಕ್ಯಕ್ಕೆ ಹಾಕುವಾಗ ಮುಂದೆ ‘ಎ’ ಬೇಕೇ ಬೇಕು. ಹುದ್ದೆ, ಪ್ರಶಸ್ತಿ ಹೆಸರಿಸುವುದಾದರೆ ‘ಫಾರ್’: ‘ಎ ಶೂ-ಇನ್ ಫಾರ್ ದಿ ಆಸ್ಕರ್’. ಕ್ರಿಯೆಯಾದರೆ ‘ಟು ವಿನ್’. ಬಹುವಚನ ‘ಶೂ-ಇನ್ಸ್’. ‘ಸ್ಟ್ರಾಂಗ್ ಶೂ-ಇನ್’ ಬೇಡ, ಖಚಿತಕ್ಕೆ ಇನ್ನೂ ಖಚಿತ ಸೇರಿಸಿದ ಹಾಗೆ. ಸ್ವಲ್ಪ ಅನುಮಾನವಿದ್ದರೆ ‘ಆಲ್ಮೋಸ್ಟ್ ಎ ಶೂ-ಇನ್’ ನಡೆಯುತ್ತದೆ. ಬರೀ ಮುಂಚೂಣಿಯಲ್ಲಿರುವವರು ‘ಫ್ರಂಟ್-ರನ್ನರ್’, ಅಷ್ಟೇ. ಇದು ಆಡುಮಾತಿನ ಪದ. ಕಚೇರಿಯ ಅರ್ಜಿಯಲ್ಲಿ ‘ಐ ಆಮ್ ಎ ಶೂ-ಇನ್ ಫಾರ್ ದಿಸ್ ಜಾಬ್’ ಎಂದು ಬರೆದರೆ ಸೊಕ್ಕಿನಂತೆ ಕಾಣುತ್ತದೆ.

ಕಾಲದ ಕಡೆಗೂ ಗಮನವಿರಲಿ. ಶೂ-ಇನ್ ಎನ್ನುವುದು ಫಲಿತಾಂಶಕ್ಕೆ ಮೊದಲು. ಸಲೀಸಾಗಿ ಗೆದ್ದಾದ ಮೇಲೆ ‘ವನ್ ಹ್ಯಾಂಡ್ಸ್ ಡೌನ್’ ಅನ್ನಿ. ಅದೂ ರೇಸಿನದೇ: ಬಹಳ ಮುಂದಿರುವ ಜಾಕಿ ಕೈ ಇಳಿಸಿ ಲಗಾಮು ಸಡಿಲಿಸುತ್ತಾನೆ. ನಿರೀಕ್ಷೆ ತಲೆಕೆಳಗಾಗಿದ್ದರೆ ‘ವಾಸ್ ಕನ್ಸಿಡರ್ಡ್ ಎ ಶೂ-ಇನ್’, ಜೊತೆಗೊಂದು ‘ಬಟ್’. 1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಹೀಗೇ. ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ‘ಡ್ಯೂಯಿ ಟ್ರೂಮನ್‌ರನ್ನು ಸೋಲಿಸಿದರು’ ಎಂದು ಮೊದಲೇ ಅಚ್ಚು ಹಾಕಿತ್ತು. ಅಲ್ಲಿ ಅಧ್ಯಕ್ಷರನ್ನು ತೀರ್ಮಾನಿಸುವ, ರಾಜ್ಯವಾರು ಲೆಕ್ಕದ ಎಲೆಕ್ಟೋರಲ್ ಮತ ಎಣಿಸಿದಾಗ ಟ್ರೂಮನ್‌ಗೆ 303, ಡ್ಯೂಯಿಗೆ 189.