ಬ್ಯಾಲೆಟ್ ಬಂತು, ಅಧ್ಯಕ್ಷ ಅಭ್ಯರ್ಥಿಗಳ ಹೆಸರೇ ಇರಲಿಲ್ಲ

ನನಗೆ ಅಮೆರಿಕದ ಪೌರತ್ವ ಸಿಕ್ಕಿದ್ದು 2019ರಲ್ಲಿ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಲ್ಲಿ ‘ನಿಮ್ಮ ಪಕ್ಷ ಯಾವುದು?’ ಅಂತ ಕೇಳಿದ್ದರು. ಊರಲ್ಲಿ ಯಾರೂ ಹಾಗೆ ಕೇಳೋದಿಲ್ಲ, ಅಲ್ವಾ? ಅದು ನನ್ನ ಗುಟ್ಟು ಅಂದುಕೊಂಡು ‘ಯಾವ ಪಕ್ಷವೂ ಬೇಡ’ ಅನ್ನುವ ಕಡೆ ಗುರುತು ಹಾಕಿದೆ.

2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಮನೆಗೆ ಬ್ಯಾಲೆಟ್ ಅಂಚೆಯಲ್ಲಿ ಬಂತು. ಊಟದ ಮೇಜಿನ ಮೇಲೆ ಹರಡಿ ಎರಡೂ ಬದಿ ನೋಡಿದೆ. ಶಾಲೆ ಕಟ್ಟಡಗಳಿಗೆ ಸಾಲ ಎತ್ತುವ ‘ಪ್ರಾಪೊಸಿಷನ್ 13’ ಇತ್ತು, ಸಂಸತ್ತಿನ ಸೀಟಿತ್ತು. ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಜಾಗವೇ ಇಲ್ಲ! ಅದಕ್ಕಾಗಿಯೇ ಎಷ್ಟು ವರ್ಷ ಕಾದಿದ್ದೆ.

ಆಮೇಲೆ ಓದಿದಾಗ ಅರ್ಥವಾಯಿತು. ನಮ್ಮಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್. ಇಲ್ಲಿ ಪ್ರೈಮರಿಯಲ್ಲಿ, ಅಂದರೆ ಮುಖ್ಯ ಚುನಾವಣೆಗೆ ಮೊದಲು ನಡೆಯುವ ಮತದಾನದಲ್ಲಿ, ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುತ್ತಾರೆ. ಆದರೆ ಅಧ್ಯಕ್ಷರ ಪ್ರೈಮರಿಯಲ್ಲಿ ಹೊರಗಿನವರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅನ್ನೋದು ಕ್ಯಾಲಿಫೋರ್ನಿಯಾದಲ್ಲಿ ಆಯಾ ಪಕ್ಷಕ್ಕೆ ಬಿಟ್ಟದ್ದು. ಆ ವರ್ಷ ಡೆಮಾಕ್ರಟಿಕ್, ಲಿಬರ್ಟೇರಿಯನ್, ಅಮೆರಿಕನ್ ಇಂಡಿಪೆಂಡೆಂಟ್ ಪಕ್ಷಗಳು ನನ್ನಂಥವರಿಗೆ ಬಾಗಿಲು ತೆರೆದಿದ್ದವು. ಆದರೆ ಬ್ಯಾಲೆಟ್ ನಾವೇ ಕೇಳಿ ಪಡೆಯಬೇಕು. ರಿಪಬ್ಲಿಕನ್ ಬ್ಯಾಲೆಟ್ ಬೇಕಿದ್ದರೆ ಮೊದಲು ಆ ಪಕ್ಷದ ಹೆಸರಲ್ಲೇ ನೋಂದಣಿ ಆಗಬೇಕು. ಇದನ್ನೆಲ್ಲ ತಿಳಿಸುವ ಕಾರ್ಡ್ ಮೊದಲೇ ಬಂದಿತ್ತು. ಜಾಹೀರಾತು ಅಂತ ಎಸೆದುಬಿಟ್ಟಿದ್ದೆ.

ಖಾಲಿ ಬ್ಯಾಲೆಟ್ಟನ್ನು ಲಕೋಟೆ ಸಮೇತ ಮತ ಕೇಂದ್ರಕ್ಕೆ ತೆಗೆದುಕೊಂಡು ಹೋದೆ. ಮೇಜಿನ ಹಿಂದೆ ಕೂತಿದ್ದ ಅಜ್ಜಿ ಅದನ್ನು ವಾಪಸ್ ತೆಗೆದುಕೊಂಡು, ‘ಯಾವ ಪಕ್ಷದ್ದು ಬೇಕು?’ ಅಂತ ಕೇಳಿ, ಹೊಸ ಬ್ಯಾಲೆಟ್ ಕೈಗಿಟ್ಟರು. ಹತ್ತು ನಿಮಿಷದ ಕೆಲಸ ಅಷ್ಟೆ. ನನ್ನ ನೋಂದಣಿ ‘ಪಕ್ಷ ಬೇಡ’ ಅಂತಲೇ ಉಳಿಯಿತು.

ಗೆಳೆಯರೊಬ್ಬರ ಕತೆ ಬೇರೆ. ‘ಇಂಡಿಪೆಂಡೆಂಟ್’ ಅಂದರೆ ಪಕ್ಷೇತರ ಅಂದುಕೊಂಡು ಅವರು ಅಮೆರಿಕನ್ ಇಂಡಿಪೆಂಡೆಂಟ್ ಪಕ್ಷಕ್ಕೇ ಗುರುತು ಹಾಕಿದ್ದರು. ಅದು ನಿಜಕ್ಕೂ ಒಂದು ಪಕ್ಷ. ಹಾಗಾಗಿ ಡೆಮಾಕ್ರಟಿಕ್ ಬ್ಯಾಲೆಟ್ ಪಡೆಯಲು ಅವರು ಪಕ್ಷವನ್ನೇ ಬದಲಿಸಬೇಕಾಯಿತು. ಅರ್ಜಿ ತುಂಬುವಾಗ ದಯವಿಟ್ಟು ಆ ಸಾಲನ್ನು ಎರಡು ಸಲ ಓದಿ.

ಕ್ಯಾಲಿಫೋರ್ನಿಯಾದ ಗವರ್ನರ್, ಸೆನೆಟರ್ ಪ್ರೈಮರಿಗಳಲ್ಲಿ ಈ ತಲೆನೋವಿಲ್ಲ. ಎಲ್ಲ ಪಕ್ಷದವರೂ ಒಂದೇ ಬ್ಯಾಲೆಟ್‌ನಲ್ಲಿರುತ್ತಾರೆ, ಹೆಚ್ಚು ಮತ ಪಡೆದ ಮೊದಲ ಇಬ್ಬರು ಮುಖ್ಯ ಚುನಾವಣೆಗೆ ಹೋಗುತ್ತಾರೆ. ಆದರೆ ಬೇರೆ ರಾಜ್ಯಕ್ಕೆ ಮನೆ ಬದಲಿಸುವವರು ಅಲ್ಲಿನ ನಿಯಮ ನೋಡಲೇಬೇಕು. ಪೆನ್ಸಿಲ್ವೇನಿಯಾದಲ್ಲಿ ಪಕ್ಷವಿಲ್ಲದವರು ಪ್ರೈಮರಿಯಲ್ಲಿ ಅಭ್ಯರ್ಥಿಯನ್ನು ಆರಿಸುವ ಹಾಗೇ ಇಲ್ಲ. ಟೆಕ್ಸಾಸ್‌ನಲ್ಲಿ ನೋಂದಣಿಯಲ್ಲಿ ಪಕ್ಷವನ್ನೇ ಕೇಳುವುದಿಲ್ಲ.

2024ರಲ್ಲಿ ನಾನು ಜನವರಿಯಲ್ಲೇ ಬ್ಯಾಲೆಟ್ ಕೇಳಿ ಬರೆದೆ. ಲಕೋಟೆ ಬಂದ ದಿನ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಒಡೆದು ನೋಡಿದೆ. ಅಧ್ಯಕ್ಷ ಅಭ್ಯರ್ಥಿಗಳ ಹೆಸರುಗಳು ಸಾಲಾಗಿ ಇದ್ದವು.